ಗುಂಡನ ಬಿಲ್ಲು, ತೆನಾಲಿಯ ಹಸು

ಭಾನುವಾರ ರಾತ್ರಿ ಹನ್ನೊಂದೂವರೆಗೆ ಗುಂಡ ಮೂರನೇ ಸಲ ಮರಳಿನ ಟ್ರೇ ಹತ್ತಿ ಕೂತ. ಕೂತವನು ಏಳಲಿಲ್ಲ. ಬೆನ್ನು ಬಾಗಿಸಿ, ಬಾಲದ ಬುಡ ನಡುಗಿಸಿ, ಅಲ್ಲಿಯವರೆಗೆ ನಾನು ಕೇಳದ ಒಂದು ದನಿ ತೆಗೆದ. ಹಸಿವಿನ ದನಿಯಲ್ಲ, ಬಾಗಿಲು ತೆಗಿ ಎಂದು ಗದರಿಸುವ ದನಿಯೂ ಅಲ್ಲ. ಹೊಟ್ಟೆ ಕಟ್ಟಿರಬೇಕು ಅಂದುಕೊಂಡು ನಾನು ಮಲಗಿಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಟ್ರೇಯ ಮರಳು ಒಣಗಿದಂತೆಯೇ ಇತ್ತು. ಗುಂಡ ಸೋಫಾದ ಹಿಂದೆ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದ. ಎತ್ತಿಕೊಂಡರೆ ಹೊಟ್ಟೆಯ ಕೆಳಗೆ ಮೂಸಂಬಿಯಂಥ ಗಟ್ಟಿ ಉಂಡೆ ಕೈಗೆ ಸಿಕ್ಕಿತು.

"ಬ್ಲಾಕ್ ಆಗಿದೆ ಮೇಡಂ," ಎಂದರು ಡಾಕ್ಟರು, ಹೊಟ್ಟೆ ಮುಟ್ಟಿದ ಐದೇ ಸೆಕೆಂಡಿಗೆ. "ಯಾವಾಗಿಂದ ಹೀಗೆ?"

"ನಿನ್ನೆ ರಾತ್ರಿಯಿಂದ ಸಾರ್. ಹಾಂ, ಎರಡು ತಿಂಗಳಿಂದ ಆಗಾಗ ಟ್ರೇಗೆ ಹೋಗಿ ಸುಮ್ನೆ ಕೂತು ಬರ್ತಿದ್ದ ಅನ್ಸುತ್ತೆ."

ಅವರು ಎರಡನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಆ 'ಎರಡು ತಿಂಗಳಿಂದ' ಎಂಬ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಗಂಡುಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಲು ಕಿರಿದು. ಹರಳಿನ ಪುಡಿಯೋ ಲೋಳೆಯೋ ಬರೀ ಊತವೋ, ಯಾವುದಾದರೊಂದು ಸಾಕು, ಬಿರಡೆ ಹಾಕಿದಂತೆ ಮುಚ್ಚಿಹೋಗುತ್ತದೆ. ಮೂತ್ರದೊಂದಿಗೆ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ, ಹೃದಯದ ಬಡಿತ ಹದ ತಪ್ಪುತ್ತದೆ. ಒಂದೆರಡು ದಿನ ತಡವಾದರೆ ಜೀವವೇ ಹೋಗುತ್ತದೆ. ಮತ್ತು ಬರಿಸಿ, ಹುಲ್ಲುಕಡ್ಡಿಯಷ್ಟು ಸಣ್ಣ ಕ್ಯಾತಿಟರ್ ತೂರಿಸಿ, ನಾಳ ತೊಳೆದು, ಡ್ರಿಪ್ ಹಾಕಿ ಎರಡು ಮೂರು ದಿನ ಇರಿಸಿಕೊಳ್ಳುವುದು ವಾಡಿಕೆಯ ಚಿಕಿತ್ಸೆ. ಗುಂಡ ಮೂರು ದಿನ ಅಲ್ಲಿದ್ದ. ಬಿಲ್ಲು 23,400 ರೂಪಾಯಿ. ಹಾಗಂತ ಅದು ಮುಗಿದ ಕಥೆಯಲ್ಲ. ಈ ತೊಂದರೆ ಒಮ್ಮೆ ಬಂದ ಬೆಕ್ಕಿಗೆ ಮರುಕಳಿಸುವುದು ಸಾಮಾನ್ಯ. ಪದೇ ಪದೇ ಕಟ್ಟಿಕೊಂಡರೆ ನಾಳದ ದಾರಿಯನ್ನೇ ಅಗಲ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ಡಾಕ್ಟರು ಮೊದಲೇ ಕಿವಿಗೆ ಹಾಕಿದ್ದರು.

ತೀರ್ಥಹಳ್ಳಿಯ ದೊಡ್ಡಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಮೊತ್ತ ಕೇಳಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಹಂಗಾರೆ ಅದಕ್ಕೂ ಒಂದು ಎಲ್ಲೈಸಿ ಮಾಡ್ಸಿಬಿಡೇ ಮಾರಾಯ್ತಿ" ಅಂದರು. ತಮಾಷೆಗೆ ಅಂದದ್ದು. ನಾನು ಮಾತ್ರ ಆ ರಾತ್ರಿ ನಿಜಕ್ಕೂ ಹುಡುಕುತ್ತ ಕೂತೆ.

ದೊಡ್ಡಮ್ಮನ ಕೊಟ್ಟಿಗೆಗೆ ವಿಮೆಯೇನೂ ಹೊಸದಲ್ಲ. ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಟ್ಯಾಗು ನೇತಾಡುತ್ತಿರುತ್ತದೆ. ಹಸು ಸತ್ತರೆ ವಿಮೆಯವರು ಮೊದಲು ಕೇಳುವುದೇ ಆ ಟ್ಯಾಗನ್ನು. ಈ ವಿಮೆಯ ಲೆಕ್ಕ ಯಾರಿಗಾದರೂ ಅರ್ಥವಾಗುವಂಥದ್ದು: ಹಸುವಿಗೊಂದು ಪೇಟೆ ದರ ಇದೆ, ಅದು ಡೇರಿಗೆ ಹಾಲು ಹಾಕುತ್ತದೆ, ಅದು ಹೋದರೆ ಮನೆಯ ಆದಾಯವೇ ಹೋದಂತೆ. ಆ ನಷ್ಟವನ್ನು ತುಂಬಿಕೊಡುವುದಷ್ಟೇ ವಿಮೆಯ ಕೆಲಸ. ಗುಂಡನ ವಿಷಯಕ್ಕೆ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅವನು ಹನುಮಂತನಗರದಲ್ಲಿ ಮಳೆಗೆ ನೆನೆದು ಸ್ಕೂಟರಿನ ಸೀಟಿನಡಿ ಸೇರಿಕೊಂಡಿದ್ದ ನಾಡು ಬೆಕ್ಕು. ಪೇಟೆ ದರ ಸೊನ್ನೆ. ಆದಾಯ ಸೊನ್ನೆಗಿಂತಲೂ ಕಡಿಮೆ. ಅವನು ಸತ್ತರೆ ವಿಮೆಯವರು ತುಂಬಿಕೊಡಬೇಕಾದ ನಷ್ಟ ಎಂಬುದೇ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಅವನು ಬದುಕಿದರೆ ಮಾತ್ರ ಖರ್ಚು. ಬೆಕ್ಕಿನ ಆರೋಗ್ಯ ವಿಮೆ ಎಂದು ನಾವು ಕರೆಯುವುದು ವಾಸ್ತವದಲ್ಲಿ ಬೆಕ್ಕಿನ ವಿಮೆಯಲ್ಲ, ಸಾಕಿದವರ ಜೇಬಿನ ವಿಮೆ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದಿನ ಅರ್ಧ ಗೊಂದಲ ಕಳೆಯುತ್ತದೆ. 'ಪ್ರೀತಿ ಇದ್ದರೆ ವಿಮೆ ಮಾಡಿಸಿ' ಎಂಬ ಧಾಟಿಯ ಜಾಹೀರಾತುಗಳಿಗೆ ಮರುಳಾಗುವುದೂ ತಪ್ಪುತ್ತದೆ.

ಹೊರದೇಶಗಳಲ್ಲಿ ಈ ವ್ಯವಹಾರಕ್ಕೆ ನೂರು ವರ್ಷ ದಾಟಿದೆ. ಕುದುರೆ, ದನಗಳಿಗೆ ವಿಮೆ ಕೊಡುತ್ತಿದ್ದ ಸ್ವೀಡನ್ನಿನಲ್ಲಿ 1924ರಲ್ಲಿ ನಾಯಿಯೊಂದಕ್ಕೆ ಪಾಲಿಸಿ ಕೊಟ್ಟದ್ದನ್ನು ಮೊದಲನೆಯದೆಂದು ಹೇಳುತ್ತಾರೆ. ಅಮೆರಿಕದಲ್ಲಿ 1982ರಲ್ಲಿ ಮೊದಲ ಪಾಲಿಸಿ ಪಡೆದದ್ದು ಟಿವಿಯ ನಾಯಿ ಲ್ಯಾಸಿ. ನಮ್ಮಲ್ಲಿ ಸರ್ಕಾರಿ ವಿಮಾ ಕಂಪನಿಗಳು ದನಕರುಗಳ ಜೊತೆಗೆ ನಾಯಿಗೂ ಪಾಲಿಸಿ ಕೊಡುತ್ತಿದ್ದವು. ಬಜಾಜ್ ಅಲಿಯಾನ್ಸ್ 2020ರ ಆಗಸ್ಟಿನಲ್ಲಿ ಸಾಕುನಾಯಿಗೆಂದೇ ಆರೋಗ್ಯ ವಿಮೆ ತಂದ ಮೇಲೆ ಪೇಟೆಯ ಜನ ಅತ್ತ ಕಣ್ಣು ಹಾಯಿಸಿದರು. ಬೆಕ್ಕಿನ ಸರದಿ ಬಂದದ್ದು ಅದಾದ ಮೇಲೆ. ಎಲ್ಲ ಕಡೆಯೂ ಬೆಕ್ಕು ಹಿಂದಿನ ಬೆಂಚೇ.

ಆದರೆ ಬೆಕ್ಕಿನ ಯೋಗಕ್ಷೇಮದ ಯೋಜನೆ ನಮ್ಮ ಕಡೆ ಅದಕ್ಕಿಂತ ಹಳೆಯದು, ಕಥೆಯಲ್ಲಾದರೂ. ಕೃಷ್ಣದೇವರಾಯ ಇಲಿಗಳ ಕಾಟಕ್ಕೆ ಮನೆಗೊಂದು ಬೆಕ್ಕು ಕೊಟ್ಟು, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸಿದ. ಮತ್ತೆ ಆ ಬೆಕ್ಕು ಹಾಲು ಕಂಡರೆ ಓಟ. ಹಾಲೆಲ್ಲ ಮನೆಯವರಿಗೆ. ನಾವು ಚಿಕ್ಕಂದಿನಲ್ಲಿ ತೆನಾಲಿಯ ಜಾಣತನಕ್ಕೆ ನಗುತ್ತಿದ್ದೆವು. ವಿಮಾ ಕಂಪನಿಯಲ್ಲಿ ಕೂತವರು ಇದೇ ಕಥೆಯನ್ನು ರಾಯನ ಕಡೆಯಿಂದ ಓದುತ್ತಾರೆ. ಹಣ ನಮ್ಮದು, ಬೆಕ್ಕು ನಿಮ್ಮ ಮನೆಯಲ್ಲಿ, ಒಳಗೆ ಏನು ನಡೆಯುತ್ತದೆಂದು ನಮಗೆ ಹೇಗೆ ಗೊತ್ತಾಗಬೇಕು? ಪಾಲಿಸಿಯ ಸಣ್ಣ ಅಕ್ಷರದ ಪುಟಗಳೆಲ್ಲ ಹುಟ್ಟಿರುವುದು ತೆನಾಲಿಯ ಭಯದಿಂದ. ಬೆಕ್ಕಿಗೆ ಮೈಕ್ರೋಚಿಪ್ ಹಾಕಿಸಿ ಅನ್ನುವುದು, ಎಡದಿಂದ ಬಲದಿಂದ ಮುಖದಿಂದ ಫೋಟೋ ಕೇಳುವುದು, ಲಸಿಕೆ ಪುಸ್ತಕ ತೋರಿಸಿ ಅನ್ನುವುದು, ಪಾಲಿಸಿ ಶುರುವಾಗಿ ಇಷ್ಟು ದಿನ ಕಾಯಿಲೆಯ ಕ್ಲೇಮ್ ಮಾಡುವಂತಿಲ್ಲ ಅನ್ನುವುದು ಎಲ್ಲವೂ ಅದಕ್ಕೇ. ಒಂದೇ ಥರದ ಹತ್ತು ಬೂದುಬೆಕ್ಕುಗಳಲ್ಲಿ ಯಾವುದು ಪಾಲಿಸಿಯ ಬೆಕ್ಕು ಎಂದು ತೋರಿಸಲು ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ, 15 ಅಂಕಿಯ ಚಿಪ್ಪಿಗಿಂತ ಒಳ್ಳೆಯ ಉಪಾಯವಿಲ್ಲ. ಇಂಗ್ಲೆಂಡಿನಲ್ಲಂತೂ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಅದು ಕಡ್ಡಾಯ, ತಪ್ಪಿದರೆ 500 ಪೌಂಡುಗಳವರೆಗೆ ದಂಡ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿಯ ಸರ್ಕಾರ ಹೀಗೆ ಉತ್ತರ ಕಂಡುಕೊಂಡಿತು.

ಫೋಟೋ ತೆಗೆಯುವ ಪ್ರಸಂಗವನ್ನು ಬಿಟ್ಟುಬಿಡುತ್ತೇನೆ. ಬೆಕ್ಕು ಸಾಕಿದವರಿಗೆ ಹೇಳಬೇಕಾಗಿಲ್ಲ, ಸಾಕದವರು ನಂಬುವುದಿಲ್ಲ.

ಪಾಲಿಸಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಏನೇನು ಸಿಗುತ್ತದೆ ಎಂಬ ಮೊದಲ ಪುಟದಿಂದಲ್ಲ, ಏನೇನು ಸಿಗುವುದಿಲ್ಲ ಎಂಬ ಕೊನೆಯ ಪುಟಗಳಿಂದ ಶುರುಮಾಡಬೇಕು. ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಚಿಕಿತ್ಸೆಯಂಥ ಗೊತ್ತಿದ್ದೇ ಬರುವ ಖರ್ಚು ಸಾಮಾನ್ಯವಾಗಿ ಹೊರಗೆ. ಅದು ನ್ಯಾಯವೇ, ಗೊತ್ತಿರುವ ಖರ್ಚಿಗೆ ವಿಮೆ ಮಾಡಿಸುವುದೆಂದರೆ ನಮ್ಮ ದುಡ್ಡನ್ನೇ ಬೇರೆಯವರ ಕೈಯಿಂದ ವಾಪಸು ಈಸಿಕೊಂಡಂತೆ, ನಡುವೆ ಅವರ ದಲ್ಲಾಳಿ ಖರ್ಚು ಕಳೆದು. ಲಸಿಕೆಯಿಂದ ತಡೆಯಬಹುದಾದ ಕಾಯಿಲೆ ಲಸಿಕೆ ಹಾಕಿಸದ ಬೆಕ್ಕಿಗೆ ಬಂದರೆ ಅದೂ ಹೊರಗೆ. ಹಲ್ಲಿನ ಚಿಕಿತ್ಸೆ ಬಹಳ ಕಡೆ ಅಪಘಾತವಾದರೆ ಮಾತ್ರ ಒಳಗೆ. ವಯಸ್ಸಾದ ಬೆಕ್ಕಿಗೆ ಹಲ್ಲುನೋವು ಎಷ್ಟು ಸಾಮಾನ್ಯ ಎಂದು ಗೊತ್ತಿರುವವರಿಗೆ ಇದು ಚುಚ್ಚುತ್ತದೆ. ಜೊತೆಗೆ ಕಳವು, ಕಾಣೆಯಾಗುವುದು, ಮೂರನೆಯವರಿಗೆ ಆದ ಹಾನಿ, ಸಾವಿನ ಪರಿಹಾರ ಎಂಬ ತುಂಡುಗಳನ್ನು ಸೇರಿಸಿ ಮಾರುತ್ತಾರೆ. ಮೂರನೆಯವರ ಹಾನಿ ಎಂಬುದು ಬೀದಿಯಲ್ಲಿ ಜನರನ್ನು ಕಚ್ಚಬಹುದಾದ ನಾಯಿಗೆ ಸರಿ. ಮನೆ ಬಿಟ್ಟು ಕದಲದ ಬೆಕ್ಕಿಗೆ ಏಕೆ? ದುಡ್ಡು ಕೊಟ್ಟು ತಂದ ಪರ್ಷಿಯನ್ ಬೆಕ್ಕಾದರೆ ಕಳವು ಮತ್ತು ಸಾವಿನ ತುಂಡಿಗೆ ಏನೋ ಅರ್ಥವಿದೆ, ಬೀದಿಯಿಂದ ಎತ್ತಿಕೊಂಡು ಬಂದವನಿಗೆ ಇಲ್ಲ. ಆಸ್ಪತ್ರೆವಾಸ ಮತ್ತು ಶಸ್ತ್ರಚಿಕಿತ್ಸೆ, ಇವೆರಡೇ ಬೆನ್ನೆಲುಬು. ಉಳಿದದ್ದು ಮೇಲೋಗರ.

ಇನ್ನು ಆ 'ಎರಡು ತಿಂಗಳಿಂದ' ಎಂಬ ಮಾತಿನ ಕಥೆ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ವಿಮೆ ಇಲ್ಲ ಎಂಬುದು ಈ ಲೋಕದ ಹೆಬ್ಬಾಗಿಲಿನ ಬರಹ. ಕಾಯಿಲೆ ಯಾವಾಗ ಶುರುವಾಯಿತು ಎಂದು ತೀರ್ಮಾನಿಸುವುದು ಡಾಕ್ಟರ ಕೇಸ್ ಶೀಟು. ನಾನು ಗುಂಡನಿಗೆ ಹಿಂದಿನ ತಿಂಗಳು ಪಾಲಿಸಿ ಮಾಡಿಸಿದ್ದೆ ಎಂದೇ ಇಟ್ಟುಕೊಳ್ಳಿ, ಬಾಯಿಗೆ ಬಂದಂತೆ ಹೇಳಿದ ಆ ಒಂದು ಮಾತೇ ಕ್ಲೇಮನ್ನು ಮುಗಿಸಲು ಸಾಕಿತ್ತು. ಹಾಗಂತ ಡಾಕ್ಟರ ಹತ್ತಿರ ಮುಚ್ಚಿಡಬೇಕೇ? ಖಂಡಿತ ಬೇಡ, ಆ ಮಾತಿನಿಂದಲೇ ಅವರಿಗೆ ಕಾಯಿಲೆಯ ಜಾಡು ಸಿಕ್ಕಿತು. ಆದರೆ 'ಅನ್ಸುತ್ತೆ' ಎಂಬ ಅಂದಾಜಿಗೂ ನೋಡಿದ್ದಕ್ಕೂ ವ್ಯತ್ಯಾಸವಿದೆ. ನಾನು ಈಗ ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ನೇತುಹಾಕಿ ವಾಂತಿ, ಭೇದಿ, ಊಟ ಬಿಟ್ಟ ದಿನಗಳಿಗೆ ಗುರುತು ಹಾಕುತ್ತೇನೆ. ಬಿಲ್ಲು, ರಕ್ತಪರೀಕ್ಷೆಯ ವರದಿ, ನೋಂದಾಯಿತ ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರುವ ಚೀಟಿ ಎಲ್ಲ ಒಂದು ಫೈಲಿನಲ್ಲಿ. ಬಡಾವಣೆಯ ಸಣ್ಣ ಕ್ಲಿನಿಕ್ಕುಗಳಲ್ಲಿ ಇಂದಿಗೂ ಅಂಗೈಯಗಲದ ಚೀಟಿಯ ಮೇಲೆ ಮೂರು ಔಷಧದ ಹೆಸರು ಗೀಚಿ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಯಾವ ಕ್ಲೇಮೂ ಆಗದು.

ಒಮ್ಮೆ ಕಟ್ಟಿಕೊಂಡ ಗುಂಡನಿಗೆ, ಮುಂದೆ ಮತ್ತೆ ಕಟ್ಟಿಕೊಂಡರೆ ದುಡ್ಡು ಕೊಡುವ ಹೊಸ ಪಾಲಿಸಿ ನನಗೆ ಎಲ್ಲಿಯೂ ಕಾಣಲಿಲ್ಲ. ಬೇರೆ ಕಾಯಿಲೆಗೆ ಸಿಗಬಹುದು, ಅವನಿಗೆ ಬರುವ ಸಾಧ್ಯತೆ ಇರುವ ಕಾಯಿಲೆಗೇ ಸಿಗದು. ಮುಪ್ಪಿನದ್ದೂ ಇದೇ ಹಾಡು. ಹತ್ತು ದಾಟಿದ ಬೆಕ್ಕುಗಳಿಗೆ ಮೂತ್ರಪಿಂಡದ ದೀರ್ಘ ಕಾಯಿಲೆ ತೀರಾ ಸಾಮಾನ್ಯ. ರಕ್ತದಲ್ಲಿ ಕ್ರಿಯೇಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದೆ. ಅಲ್ಲಿಂದ ಮುಂದೆ ಪಥ್ಯದ ಆಹಾರ, ಚರ್ಮದಡಿ ಡ್ರಿಪ್, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಆಸ್ಪತ್ರೆಯಲ್ಲಿ ಮಲಗಿಸುವಂಥದ್ದಲ್ಲ, ತಿಂಗಳು ತಿಂಗಳು ಹನಿಹನಿಯಾಗಿ ಸೋರುವ ಖರ್ಚು. ಹೊಸ ಪಾಲಿಸಿಗೆ ಆ ವಯಸ್ಸಿನಲ್ಲಿ ಬಾಗಿಲು ಮುಚ್ಚಿರುತ್ತದೆ. ಹಳೆಯ ಪಾಲಿಸಿ ಇದ್ದರೂ ಎಲ್ಲಿಯವರೆಗೆ ನವೀಕರಿಸುತ್ತಾರೆ ಎಂದು ಮೊದಲ ವರ್ಷವೇ ಕೇಳಿಟ್ಟುಕೊಳ್ಳಬೇಕು. ಎಂಟು ವರ್ಷ ಪ್ರೀಮಿಯಂ ಕಟ್ಟಿ, ಬೇಕಾದ ಒಂಬತ್ತನೆಯ ವರ್ಷ ನಮಸ್ಕಾರ ಹೇಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ ದುಡ್ಡಿನ ಲೆಕ್ಕ. ಸುಮ್ಮನೆ ಉದಾಹರಣೆಗೆ, ವರ್ಷಕ್ಕೆ 3,000 ರೂಪಾಯಿ ಪ್ರೀಮಿಯಂ, 30,000 ವಿಮಾ ಮೊತ್ತ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಒಮ್ಮೆ ಪೂರ್ತಿ ಮೊತ್ತದ ಕ್ಲೇಮ್ ಸಿಕ್ಕರೆ ಹಾಕಿದ್ದು ಬಂತು. ಅದರಲ್ಲಿ ಶೇಕಡಾ ಇಷ್ಟನ್ನು ನೀವೇ ಕೊಡಬೇಕೆಂಬ ಕೋ-ಪೇ ಇದ್ದರೆ ಬರಲಿಲ್ಲ. ಆದರೆ ಹಾಕಿದ್ದು ಬಂತೇ ಎಂದು ನೋಡುವುದು ವಿಮೆಯನ್ನು ಅಳೆಯುವ ರೀತಿಯಲ್ಲ, ಮನೆ ಸುಟ್ಟುಹೋಗಲಿಲ್ಲವಲ್ಲ ಎಂದು ಬೆಂಕಿ ವಿಮೆಗೆ ಯಾರೂ ಅಳುವುದಿಲ್ಲ. ಕೇಳಬೇಕಾದ್ದು ಬೇರೆ. ನಾಳೆ ಬೆಳಗ್ಗೆ ಒಂದೇ ಏಟಿಗೆ ಎಷ್ಟು ರೂಪಾಯಿಯ ಬಿಲ್ಲು ಬಂದರೆ ನಾನು ತಡೆಯಲಾರೆ? 30,000 ರೂಪಾಯಿಯನ್ನು ಸಾಲ ಮಾಡದೆ ಕೊಡಬಲ್ಲೆನಾದರೆ, 30,000 ರೂಪಾಯಿಯ ವಿಮೆ ನನಗೆ ಬೇಡವೇ ಬೇಡ. ನನ್ನನ್ನು ಮುಳುಗಿಸಬಲ್ಲ ಬಿಲ್ಲು ಒಂದು ಲಕ್ಷದ್ದಾದರೆ, ಈ ಪಾಲಿಸಿ ಅಲ್ಲಿಗೆ ಕೈ ಚಾಚುವುದೇ ಇಲ್ಲ. ನಾನು ತಡೆದುಕೊಳ್ಳಬಲ್ಲ ಕಡೆ ಕೊಡೆ ಹಿಡಿದು, ತಡೆಯಲಾರದ ಕಡೆ ಮಡಚಿಕೊಳ್ಳುವ ಪಾಲಿಸಿ ಅದು. ಹಾಗಾಗಿ ಪ್ರೀಮಿಯಂ ಎಷ್ಟು ಕಡಿಮೆ ಎಂಬುದಕ್ಕಿಂತ ವಿಮಾ ಮೊತ್ತ ಎಷ್ಟು ಎತ್ತರ ಎಂಬುದೇ ನನಗೆ ಮುಖ್ಯವಾಗಿ ಕಂಡಿತು. ಸಣ್ಣ ಮೊತ್ತದ ಬೆಕ್ಕಿನ ವಿಮೆ ನನ್ನ ಮಟ್ಟಿಗೆ ಒಂದು ಆಟಿಕೆ.

ಒಂದು ಲಕ್ಷದ ಬಿಲ್ಲು ಬೆಕ್ಕಿಗೆ ಬರುತ್ತದೆಯೇ ಎಂದು ದೊಡ್ಡಮ್ಮ ಕೇಳಬಹುದು. ಅವರ ಅಟ್ಟದ ಬೆಕ್ಕುಗಳಿಗೆ ಬಂದಿರಲಿಲ್ಲ, ಏಕೆಂದರೆ ಆಗ ಚಿಕಿತ್ಸೆಯೇ ಇರಲಿಲ್ಲ. ಅನ್ನ ಮಜ್ಜಿಗೆ ತಿಂದು, ಒಲೆ ಪಕ್ಕ ಮಲಗಿ, ಕಾಯಿಲೆಯಾದರೆ ಎಲ್ಲೋ ಕಣ್ಮರೆಯಾಗುತ್ತಿದ್ದವು. ಎಫ್‌ಐಪಿ ಎಂಬ ಕಾಯಿಲೆಯನ್ನೇ ನೋಡಿ. ಬೆಕ್ಕುಗಳಲ್ಲಿ ಸಾಮಾನ್ಯವಾಗಿರುವ ಕೊರೊನಾ ವೈರಸ್ಸು ಕೆಲವು ಮರಿಗಳ ಮೈಯಲ್ಲಿ ರೂಪ ಬದಲಿಸಿ, ಹೊಟ್ಟೆಯಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ಇದು ಬಂತೆಂದರೆ ಮುಗಿಯಿತು ಎಂದೇ ಲೆಕ್ಕ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಎಸ್-441524 ಎಂಬ ಔಷಧದಿಂದ ಬಹುಪಾಲು ಬೆಕ್ಕುಗಳು ಬದುಕಿದವು. ಕೋವಿಡ್ ದಿನಗಳಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದ ರೆಮ್‌ಡಿಸಿವಿರ್‌ನ ಹತ್ತಿರದ ನೆಂಟ ಅದು. ದಿನ ತಪ್ಪದೆ 84 ದಿನ ಕೊಡುವುದು ರೂಢಿಗೆ ಬಂತು, ಪ್ರಮಾಣ ಬೆಕ್ಕಿನ ತೂಕಕ್ಕೆ ತಕ್ಕಂತೆ, ನಡುನಡುವೆ ಸ್ಕ್ಯಾನು, ರಕ್ತಪರೀಕ್ಷೆ. ಹೀಗೆ ಸಾವಿನ ಜಾಗದಲ್ಲಿ ಬಿಲ್ಲು ಬಂದು ಕೂತಿತು. ಬಿಲ್ಲನ್ನು ಬಯ್ಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಇನ್ನೊಂದು ಮಗ್ಗುಲೂ ಇದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬೆಕ್ಕಿಗೆ 'ಲೈಫ್‌ಟೈಮ್' ಪಾಲಿಸಿ ಇಟ್ಟಿದ್ದಾಳೆ. ವಿಮಾ ಮೊತ್ತ ಪ್ರತಿ ವರ್ಷ ಹೊಸದಾಗುತ್ತದೆ, ನವೀಕರಿಸುತ್ತ ಹೋದರೆ ಹಳೆಯ ಕಾಯಿಲೆಗೂ ದುಡ್ಡು ಬರುತ್ತದೆ. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಅಲ್ಲಿ ಪಶುವೈದ್ಯರ ಬಿಲ್ಲು ಎಷ್ಟು ಏರಿದೆಯೆಂದರೆ ಅಲ್ಲಿಯ ಸ್ಪರ್ಧಾ ಪ್ರಾಧಿಕಾರವೇ ತನಿಖೆಗೆ ಇಳಿಯಿತು. 2013ರಲ್ಲಿ ನೂರಕ್ಕೆ ಹತ್ತರಷ್ಟು ಕ್ಲಿನಿಕ್ಕುಗಳು ದೊಡ್ಡ ಕಂಪನಿಗಳ ಕೈಯಲ್ಲಿದ್ದವು, ಹತ್ತು ವರ್ಷದಲ್ಲಿ ಅದು ಅರವತ್ತರ ಹತ್ತಿರ ಬಂದಿತ್ತು. ವಿಮೆಯೊಂದೇ ಅದಕ್ಕೆ ಕಾರಣ ಎನ್ನಲಾರೆ. ಆದರೆ 'ಇನ್ಶೂರೆನ್ಸ್ ಇದೆಯಾ?' ಎಂಬುದು ಕೌಂಟರಿನ ಮೊದಲ ಪ್ರಶ್ನೆಯಾದ ಊರಿನಲ್ಲಿ ದರ ಇಳಿಯುವುದನ್ನು ನಾನಂತೂ ನಿರೀಕ್ಷಿಸುವುದಿಲ್ಲ. ಬೆಂಗಳೂರಿನಲ್ಲಿ ಇನ್ನೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಆಸ್ಪತ್ರೆ ಇದೆ. ಕಾಯಬೇಕು, ಪಕ್ಕದಲ್ಲಿ ನಾಯಿ ಬೊಗಳುತ್ತಿರುತ್ತದೆ, ಬುಟ್ಟಿಯೊಳಗೆ ಬೆಕ್ಕು ನಡುಗುತ್ತಿರುತ್ತದೆ. ಆದರೂ ವಿಮೆಯ ಲೆಕ್ಕ ಹಾಕುವಾಗ ಆ ಎರಡು ವಿಳಾಸಗಳನ್ನು ಮರೆತರೆ ಲೆಕ್ಕ ತಪ್ಪಾಗುತ್ತದೆ.

ಪ್ರೀಮಿಯಂ ಇಲ್ಲದ ವಿಮೆಗಳೂ ಇವೆ. ಬಾಲ್ಕನಿಗೆ ಪಾರಿವಾಳದ ಬಲೆ ಅವುಗಳಲ್ಲಿ ಮೊದಲನೆಯದು. ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಬಂದ, ಮಹಡಿಯಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಬಂದ ವರದಿಯಲ್ಲಿ ಹತ್ತರಲ್ಲಿ ಒಂಬತ್ತು ಬದುಕಿದ್ದವು. ಬೆಕ್ಕು ಎಲ್ಲಿಂದ ಬಿದ್ದರೂ ಸಾಯುವುದಿಲ್ಲ ಎನ್ನುವವರು ಇದನ್ನು ಹೇಳುತ್ತಾರೆ. ಅವು ಆಸ್ಪತ್ರೆಯವರೆಗೆ ಬಂದ ಬೆಕ್ಕುಗಳು, ನೆಲದ ಮೇಲೇ ಸತ್ತವು ಆ ಲೆಕ್ಕದಲ್ಲಿಲ್ಲ. ಬದುಕಿದವಕ್ಕೂ ದವಡೆ, ಎದೆ, ಕಾಲು ಜಖಂ. ಇನ್ನೊಂದು, ಜ್ವರ ಬಂತೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬಾರದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅರ್ಧ ಮಾತ್ರೆ ಪ್ರಾಣ ತೆಗೆಯಬಲ್ಲದು. ಹೂಗುಚ್ಛದ ಲಿಲ್ಲಿ ಹೂವೂ ಮೂತ್ರಪಿಂಡಕ್ಕೆ ವಿಷ.

ಕೊನೆಗೆ ನಾನು ಮಾಡಿದ್ದು ಇಷ್ಟು. ಗುಂಡನಿಗೀಗ ಆರು ವರ್ಷ, ಅವನಿಗೆ ವಿಮೆ ಇಲ್ಲ. ಹೋದ ವರ್ಷ ಬಂದ ನಾಲ್ಕು ತಿಂಗಳ ಮರಿ ಪುಟ್ಟಿಗೆ, ಇನ್ನೂ ಒಂದು ಸೀನೂ ಕೇಸ್ ಶೀಟಿಗೆ ಏರದಿರುವಾಗಲೇ, ಆಸ್ಪತ್ರೆವಾಸ ಮತ್ತು ಶಸ್ತ್ರಚಿಕಿತ್ಸೆಗೆ ಸಿಕ್ಕ ಅತಿ ಎತ್ತರದ ಮೊತ್ತಕ್ಕೆ ಮಾಡಿಸಿದೆ. ಕಳವು ಬೇಡ, ಸಾವಿನ ಪರಿಹಾರ ಬೇಡ ಅಂದೆ. "ಎಲ್ಲಾ ಸೇರಿಸಿದ್ರೆ ಚೂರೇ ಜಾಸ್ತಿ ಆಗೋದು ಮೇಡಂ" ಎಂದು ಫೋನಿನ ಹುಡುಗ ಮೂರು ಸಲ ಹೇಳಿದ. ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆ ಇರುವ ವಿನಾಯಿತಿ ಇದಕ್ಕೆ ಇಲ್ಲ. ಅಲ್ಲಿರುವುದು ತಾನು, ಗಂಡ ಹೆಂಡತಿ, ಅವಲಂಬಿತ ಮಕ್ಕಳು, ಅಪ್ಪ ಅಮ್ಮ. ಪುಟ್ಟಿಗಿಂತ ಅವಲಂಬಿತರು ನಮ್ಮ ಮನೆಯಲ್ಲಿ ಬೇರಾರೂ ಇಲ್ಲ, ಆದರೂ.

ಗುಂಡನಿಗೆಂದು ಅಂಚೆ ಕಚೇರಿಯಲ್ಲಿ ಆರ್‌ಡಿ ಶುರುಮಾಡಿದೆ. ತಿಂಗಳಿಗೆ 1,000 ರೂಪಾಯಿ. ಶೇ 6.7ರ ಬಡ್ಡಿಯಲ್ಲಿ ಐದು ವರ್ಷಕ್ಕೆ 71,000 ದಾಟುತ್ತದೆ. ಮೊದಲ ವರ್ಷವೇ ಮತ್ತೆ ಕಟ್ಟಿಕೊಂಡರೆ ಈ ಉಪಾಯ ಕೈಕೊಡುತ್ತದೆ ಎಂಬುದು ಗೊತ್ತು, ಉಳಿತಾಯಕ್ಕೂ ವಿಮೆಗೂ ಇರುವ ವ್ಯತ್ಯಾಸವೇ ಅದು. ಅದಕ್ಕೇ ಅವನು ನೀರು ಹೆಚ್ಚು ಕುಡಿಯಲೆಂದು ಮೂರು ಕಡೆ ಬಟ್ಟಲಿಟ್ಟು, ಡಾಕ್ಟರು ಹೇಳಿದ ಆಹಾರ ಹಾಕಿ, ದಿನಾ ಬೆಳಗ್ಗೆ ಟ್ರೇಯ ಮರಳಿನಲ್ಲಿ ಒದ್ದೆ ಉಂಡೆ ಎಷ್ಟಿವೆ ಎಂದು ಎಣಿಸುತ್ತೇನೆ. ಮೂರಿದ್ದರೆ ನೆಮ್ಮದಿಯಿಂದ ಕಾಫಿ.

ಅಂಚೆ ಕಚೇರಿಯಲ್ಲಿ ಫಾರಂ ನೋಡುತ್ತಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು. "ಯಾರಿಗಮ್ಮ, ಮಗನಿಗಾ?"

"ಬೆಕ್ಕಿಗೆ ಸಾರ್. ಖಾತೆ ನನ್ನ ಹೆಸರಲ್ಲೇ."

ಅವರು ಒಂದು ಕ್ಷಣ ಪೆನ್ನು ಹಿಡಿದು ಕೂತರು. ಆಮೇಲೆ ಫಾರಂ ತಿರುಗಿಸಿ, ಖಾಲಿ ಬಿಟ್ಟಿದ್ದ ಒಂದು ಜಾಗದ ಮೇಲೆ ಬೆರಳಿಟ್ಟು, "ನಾಮಿನಿ ಕಾಲಂ ಮಾತ್ರ ಮನುಷ್ಯರದ್ದು ಬರೀರಿ," ಎಂದರು.